ದಂಡವೋ ರಾಸಭವೋ: ಜೀರ್ಣವಾದ ಒಂದು ಮೋಟಾರನ್ನು ಕುರಿತ ವಿಚಾರ

ಹಲವು ಭಾಗಗಳಿಂದ ಕೂಡಿದ ಒಂದು ವಸ್ತುವಿನಲ್ಲಿ ಒಂದು ಭಾಗ ಜೀರ್ಣವಾದರೆ, ಅದನ್ನು ತೆಗೆದು ಬೇರೊಂದನ್ನು ಆ ಸ್ಥಾನದಲ್ಲಿ ಕೂಡಿಸುವುದು ಲೋಕದಲ್ಲಿ ದಿನದಿನವೂ ನಡೆಯತಕ್ಕ ಕೆಲಸ. ನೇಗಿಲಿಗೆ ಹೊಸ ಕುಳ, ಗಾಡಿಗೆ ಹೊಸ ಅಚ್ಚು, ಮನೆಗೆ ಹೊಸ ತೊಲೆ. ಇದರಲ್ಲಿ ವಿಚಾರಕ್ಕೇನು ಎಡೆ ಎಂದು ವಾಚಕರು ಕೇಳಬಹುದು. ಯಾವುದನ್ನು ಬದಲಾಯಿಸಿದರೆ ವಸ್ತು ಅದೇ ಆಗಿ ಉಳಿಯುತ್ತದೆ, ಯಾವುದನ್ನು ಬದಲಾಯಿಸಿದರೆ ಹೆಸರು ಮಾತ್ರ ಉಳಿದು ವಸ್ತು ಹೊರಟುಹೋಗುತ್ತದೆ ಎಂಬ ಪ್ರಶ್ನೆಯು ನೇಗಿಲು ಗಾಡಿಗಳಲ್ಲಿಯೇ ನಿಲ್ಲುವುದಾದರೆ ನಾನು ಇಷ್ಟು ಕಾಗದವನ್ನು ವ್ಯಯಮಾಡುತ್ತಿರಲಿಲ್ಲ. ಅದು ನಿಲ್ಲುವುದಿಲ್ಲ. ನೇಕಾರನ ಮಗ್ಗಕ್ಕೂ, ಮೇಷ್ಟರ ಕುರ್ಚಿಗೂ ಬರುತ್ತದೆ. ಆದುದರಿಂದ ಮೊದಲು ಒಂದು ಯಂತ್ರವನ್ನು ಹಿಡಿದು ವಿಚಾರಮಾಡಿ, ಆಮೇಲೆ ಮನುಷ್ಯರ ಸಂಗತಿಗೆ ಬರುವುದು ಮೇಲು. ಯಂತ್ರಕ್ಕೆ ಮನಸ್ಸು ನೋಯುವುದಿಲ್ಲ.

ಯಂತ್ರವೆಂದರೆ ಲೇತು, ಲೋಹವನ್ನು ಕಡೆಯುವ ಯಂತ್ರ. ಕುಂಬಾರನ ಚಕ್ರದಲ್ಲಿ ಮಣ್ಣು ತಿರುಗುತ್ತದೆ, ಕೈ ನಿಂತಿರುತ್ತದೆ. ಇಲ್ಲಿ ಕಬ್ಬಿಣ ತಿರುಗುತ್ತದೆ, ಉಳಿ ನಿಂತಿರುತ್ತದೆ. ತತ್ತ್ವವು ಒಂದೇ. ಚನ್ನಪಟ್ಟಣದ ಬೊಂಬೆಯವರು ಹಿಂದೆ ಬಿಲ್ಲಿನ ಹಗ್ಗವನ್ನು ಎಳೆದು ಎಳೆದು ಮರವನ್ನು ತಿರುಗಿಸಿ ಕಡೆಯುತ್ತಿದ್ದರು. ಈಗ ಬಹುಮಂದಿ ವಿದ್ಯುತ್ತಿನಿಂದ ತಿರುಗಿಸುತ್ತಾರೆ. ಲೋಹದ ಲೇತುಗಳನ್ನು ನಮ್ಮ ನಾಡಿನಲ್ಲಿಯೇ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯವರು 1941ರಿಂದ ಮೊದಲುಮಾಡಿ ಬಹುಕಾಲ ತಯಾರಿಸಿದರು. ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ.ಯೂ ಆ ದಾರಿಯಲ್ಲಿಯೇ ನಡೆಯಿತು. ಹರಿಹರದ ಆ ಕಾರ್ಖಾನೆ ಮುಚ್ಚಿಹೋಯಿತು.

ನನ್ನಲ್ಲಿರುವುದು ಬಹು ಸಣ್ಣದು, ಹಳೆಯದು, ಮೂರನೆಯ ಕೈಯಿಂದ ಬಂದದ್ದು. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನೂ ಮುಕ್ತಾವಳಿಯನ್ನೂ ಓದಿ, ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಮಕ್ಕಳಿಗೆ ಪಾಠಹೇಳಿ ನಿವೃತ್ತನಾದವನಿಗೆ ಇಂತಹ ಯಂತ್ರದ ನಂಟು ಹೇಗೆ ಬಂತೆಂಬುದು ಬೇರೆಯ ಕಥೆ. ಕೆಲವರಿಗೆ ಹೂದೋಟ, ಕೆಲವರಿಗೆ ಇಸ್ಪೀಟು, ನನಗೆ ಇದು. ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟದ ದಾರಿ ಹಿಡಿದವರಿಗೆ ಕೌದಳ್ಳಿ ದಾಟಿ ತಾಳಬೆಟ್ಟ ಸಿಕ್ಕುವುದಕ್ಕೆ ಮೊದಲು ಬರುವ ಹಳ್ಳಿಗಳಲ್ಲಿ ಒಂದರಲ್ಲಿ ನನ್ನ ವಾಸ. ಗಾಡಿಯ ಕೀಲು, ಬಾವಿಯ ರಾಟೆಯ ಅಚ್ಚು, ದೀಪದ ಕಂಬ, ಗಂಟೆಯ ನಾಲಗೆ, ಇಂತಹ ಸಣ್ಣ ಕೆಲಸಗಳನ್ನು ಮಾಡಿಕೊಡುತ್ತೇನೆ. ಹೋದ ಬೇಸಗೆಯಲ್ಲಿ ಅದರ ಮೋಟಾರು ಸುಟ್ಟುಹೋಯಿತು.

ಸುಟ್ಟದ್ದು ಆಕಸ್ಮಿಕವಲ್ಲ. ಉದ್ದವಾದ ತಂತಿಯ ಕೊನೆಯಲ್ಲಿರುವ ಊರುಗಳಿಗೆ ವಿದ್ಯುತ್ತು ಬಡವಾಗಿ ಬರುತ್ತದೆ. 230 ವೋಲ್ಟು ಇರಬೇಕಾದಲ್ಲಿ ಸಂಜೆಯ ಹೊತ್ತು 180 ಇರುವುದುಂಟು. ಇಂತಹ ಮೋಟಾರಿನ ತಿರುಗಿಸುವ ಬಲವು ವೋಲ್ಟಿನ ವರ್ಗವನ್ನು ಅನುಸರಿಸುವುದರಿಂದ, 180ರಲ್ಲಿ ಅದರ ಬಲ ನೂರಕ್ಕೆ ಅರುವತ್ತೊಂದರಷ್ಟು ಮಾತ್ರ. ಕೆಲಸವು ಅಷ್ಟೇ ಇರುವುದರಿಂದ ಅದು ಹೆಚ್ಚು ಪ್ರವಾಹವನ್ನು ಎಳೆದುಕೊಂಡು ಕಾಯುತ್ತದೆ. ತಂತಿಯ ಮೇಲಿನ ಲೇಪವು ಹತ್ತು ಡಿಗ್ರಿ ಹೆಚ್ಚು ಕಾದರೆ ಅದರ ಆಯುಸ್ಸು ಅರ್ಧವಾಗುವುದೆಂದು ಆ ಶಾಸ್ತ್ರದವರ ಸ್ಥೂಲ ಲೆಕ್ಕ. ಹೀಗೆ ಬಡ ಆಹಾರದಲ್ಲಿ ಪೂರ್ಣ ದುಡಿಮೆ ದುಡಿದು ಅದು ಕೆಟ್ಟಿತು. ಮೊದಲು ಕೆಲವು ದಿವಸ ಗುಂಯ್‌ಗುಟ್ಟುತ್ತಿತ್ತು, ತಿರುಗುತ್ತಿರಲಿಲ್ಲ. ಕೈಯಿಂದ ಒಂದು ಸಲ ತಳ್ಳಿದರೆ ಓಡುತ್ತಿತ್ತು. ಇಲ್ಲಿ ಒಂದು ಸ್ವಾರಸ್ಯವಿದೆ. ಮನೆಯ ಒಂಟಿ ಫೇಸಿನ ವಿದ್ಯುತ್ತಿನಿಂದ ನಡೆಯುವ ಮೋಟಾರಿಗೆ ತಾನಾಗಿಯೇ ಹೊರಡುವ ಶಕ್ತಿ ಇಲ್ಲ. ಹೊರಡಿಸುವುದಕ್ಕೆಂದೇ ಬೇರೊಂದು ಸುತ್ತನ್ನು ಇಟ್ಟಿರುತ್ತಾರೆ. ಅದು ಕೆಟ್ಟರೆ, ಕೈಯಿಂದ ಎಡಕ್ಕೆ ತಳ್ಳಿದರೆ ಎಡಕ್ಕೆ ಓಡುತ್ತದೆ, ಬಲಕ್ಕೆ ತಳ್ಳಿದರೆ ಬಲಕ್ಕೆ. ಅದಕ್ಕೆ ಎರಡೂ ಒಂದೇ. ಸಾಂಖ್ಯರು ಹೇಳುವ ಕುರುಡ ಕುಂಟರ ಜೋಡಿಯಲ್ಲಿ ಕುರುಡನು ಯಾರೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಎಲ್ಲಿಯೂ ಕಂಡಿಲ್ಲ.

ಈಗ ಪ್ರಕೃತ ವಿಷಯಕ್ಕೆ ಬರೋಣ. ಮೋಟಾರನ್ನು ಬದಲಾಯಿಸಿದರೆ ಲೇತು ಅದೇ ಲೇತೇ?

ವೈಶೇಷಿಕರನ್ನು ಕೇಳಿದರೆ ಉತ್ತರವು ಕಠಿಣವಾಗಿದೆ. ಅವಯವಗಳು ಬೇರೆ, ಅವುಗಳಲ್ಲಿ ಸಮವೇತವಾದ ಅವಯವಿ ಬೇರೆ. ಬಟ್ಟೆಯಿಂದ ಒಂದು ನೂಲನ್ನು ಕಿತ್ತರೆ ಹಳೆಯ ಬಟ್ಟೆ ನಾಶವಾಯಿತು. ಉಳಿದ ನೂಲುಗಳಲ್ಲಿ ಖಂಡಪಟವೆಂಬ ಬೇರೊಂದು ಬಟ್ಟೆ ಹುಟ್ಟಿತು. ಹಾಗಾದರೆ "ಇದು ಅದೇ ಬಟ್ಟೆ" ಎಂದು ಗುರುತಿಸುತ್ತೇವಲ್ಲ ಎಂದರೆ, ಆ ಗುರುತು ಸಜಾತೀಯತೆಯಿಂದ ಬಂದದ್ದು ಎನ್ನುತ್ತಾರೆ. ದೀಪದ ಜ್ವಾಲೆ ಕ್ಷಣಕ್ಷಣಕ್ಕೂ ಬೇರೆಯಾದರೂ "ಅದೇ ಜ್ವಾಲೆ" ಎನ್ನುತ್ತೇವೆ, ವೈದ್ಯನು ಕೊಟ್ಟ ಹೊಸ ಗುಳಿಗೆಯನ್ನು "ಅದೇ ಔಷಧ" ಎನ್ನುತ್ತೇವೆ, ಹಾಗೆ. ಈ ಮತದಲ್ಲಿ ನನ್ನ ಲೇತು ಹೋದ ಬೇಸಗೆಯಲ್ಲಿಯೇ ಸತ್ತಿತು.

ಆದರೆ ಒಂದು ಸೂಕ್ಷ್ಮವನ್ನು ನೋಡಬೇಕು. ಮೋಟಾರು ಲೇತಿನ ಅವಯವವೇ? ಎತ್ತನ್ನು ಬದಲಾಯಿಸಿದರೆ ಗಾಡಿ ನಾಶವಾಯಿತೆಂದು ಯಾವ ವೈಶೇಷಿಕನೂ ಹೇಳುವುದಿಲ್ಲ. ಎತ್ತಿಗೂ ಗಾಡಿಗೂ ಇರುವುದು ಸಂಯೋಗ, ಸಮವಾಯವಲ್ಲ. ಮೋಟಾರನ್ನು ನಾಲ್ಕು ಬೋಲ್ಟುಗಳಿಂದ ಯಂತ್ರದ ಕೆಳಗೆ ಬಿಗಿದಿರುವುದರಿಂದ ಅದು ಅಂಗದಂತೆ ಕಾಣುತ್ತದೆ. ನೊಗದ ಹಗ್ಗ ಸ್ವಲ್ಪ ಗಟ್ಟಿಯಾಗಿದೆ, ಅಷ್ಟೆ. ಇತಿಹಾಸವೂ ಇದಕ್ಕೆ ಸಾಕ್ಷಿ. ಹಿಂದೆ ಕಾರ್ಖಾನೆಗಳಲ್ಲಿ ಒಂದು ಉಗಿಯಂತ್ರವು ಮಾಳಿಗೆಯ ಕೆಳಗೆ ಉದ್ದವಾದ ಒಂದು ಅಚ್ಚನ್ನು ತಿರುಗಿಸುತ್ತಿತ್ತು. ಅದರಿಂದ ಇಳಿದ ಬೆಲ್ಟುಗಳು ಹತ್ತಾರು ಲೇತುಗಳನ್ನು ನಡೆಯಿಸುತ್ತಿದ್ದುವು. ಆಗ ಚಾಲಕವು ಯಾವ ಲೇತಿನ ಅಂಗವೂ ಅಲ್ಲ. ವಿದ್ಯುತ್ತು ಬಂದ ಮೇಲೆ ಒಂದೊಂದು ಯಂತ್ರಕ್ಕೂ ಒಂದೊಂದು ಸ್ವಂತ ಎತ್ತು ದೊರೆಯಿತು. ಆ ವಿದ್ಯುತ್ತಿನ ಕಥೆ ನಮ್ಮ ಕೊಳ್ಳೇಗಾಲದ ಮಗ್ಗುಲಲ್ಲಿಯೇ ಆರಂಭವಾದದ್ದೆಂಬುದನ್ನು ಈಗಿನ ಹುಡುಗರು ಬಲ್ಲರೋ ಇಲ್ಲವೋ. ಶಿವನಸಮುದ್ರದಲ್ಲಿ ಕಾವೇರಿಯ ಬೀಳಿನಿಂದ ಹುಟ್ಟಿದ ಶಕ್ತಿಯು 1902ರಲ್ಲಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಯಿತು. ಹೊಳೆಯ ಈಚೆಯ ಕೊಳ್ಳೇಗಾಲವು ಆಗ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1956ರ ವರೆಗೂ ಹಾಗೆಯೇ ಇತ್ತು. ನೀರಿನ ಸದ್ದು ನಮಗೆ, ಬೆಳಕು ಕೋಲಾರಕ್ಕೆ. ಇರಲಿ.

ಮೋಟಾರು ಅವಯವವಲ್ಲ, ನಿಮಿತ್ತವೆಂದು ಒಪ್ಪಿದರೆ, ಅದು ಎಂತಹ ನಿಮಿತ್ತ ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿ ನೈಯಾಯಿಕರ ಹಳೆಯ ಕುಂಬಾರನು ನಮಗೆ ಸಹಾಯಮಾಡುತ್ತಾನೆ. ಗಡಿಗೆಗೆ ಅವನ ಚಕ್ರವೂ, ಚಕ್ರವನ್ನು ತಿರುಗಿಸುವ ದಂಡವೂ ಕಾರಣ. ಆದರೆ ದಂಡದ ಬಣ್ಣವು ಕಾರಣವಲ್ಲ. ಕುಂಬಾರನ ತಂದೆಯು, ಅವನಿಲ್ಲದೆ ಕುಂಬಾರನೇ ಇರುತ್ತಿರಲಿಲ್ಲವಾದರೂ, ಕಾರಣವಲ್ಲ. ಮಣ್ಣನ್ನು ಹೊತ್ತುತಂದ ರಾಸಭವು, ಪಾಪ, ಬೆವರು ಸುರಿಸಿ ತಂದಿದ್ದರೂ ಕಾರಣವಲ್ಲ; ಏಕೆಂದರೆ ಅದಿಲ್ಲದೆಯೂ ಗಡಿಗೆಗಳು ಆಗುತ್ತವೆ. ಇವೆಲ್ಲ ಅನ್ಯಥಾಸಿದ್ಧಗಳು. ಪಾಠಶಾಲೆಯಲ್ಲಿ ಈ ಭಾಗ ನಡೆಯುವಾಗ ಹುಡುಗರಾದ ನಾವು ಕತ್ತೆಯ ಹೆಸರು ಬಂದಾಗ ನಗುತ್ತಿದ್ದೆವು. ಅರುವತ್ತು ದಾಟಿದ ಮೇಲೆ ಅದರಲ್ಲಿ ನಗುವುದಕ್ಕೆ ಅಷ್ಟಾಗಿ ಏನೂ ಕಾಣುವುದಿಲ್ಲ.

ಮೋಟಾರು ದಂಡವೋ ರಾಸಭವೋ? ಪೂರ್ವಪಕ್ಷವು ಹೀಗೆ. ಬಿಲ್ಲಿನಿಂದ ಲೇತು ನಡೆದಿದೆ, ಕಾಲುಮೆಟ್ಟಿನಿಂದ ನಡೆದಿದೆ, ಉಗಿಯಿಂದ ನಡೆದಿದೆ. ಮೋಟಾರಿಲ್ಲದೆಯೂ ಕಡೆತವು ಆಗುವುದಾದುದರಿಂದ ಮೋಟಾರು ರಾಸಭವೇ ಸರಿ. ಸಮಾಧಾನವೇನೆಂದರೆ: ಯಾವುದೋ ಒಂದು ಚಾಲಕವಿಲ್ಲದೆ ಕಡೆತವಾಗದು. ಆದುದರಿಂದ ಚಾಲಕವಾಗಿ ಅದು ಕಾರಣ, "ಈ ಮೋಟಾರು" ಆಗಿ ಅಲ್ಲ. ದಂಡವೂ ಹೀಗೆಯೇ, ಈ ಕೋಲು ಮುರಿದರೆ ಆ ಕೋಲು. ಕೋಲಿನ ಕಾರಣತೆ ಕೋಲುತನದಲ್ಲಿದೆ, ಅದರ ಜಾತಿಯಲ್ಲಿದೆ. ಅದರ ವ್ಯಕ್ತಿತ್ವದಲ್ಲಿ ಇಲ್ಲ.

ಇದು ಬರಿಯ ಶಬ್ದವಲ್ಲವೆಂಬುದಕ್ಕೆ ನನ್ನ ಅನುಭವವೇ ಒಂದು ಪ್ರಮಾಣವನ್ನು ಒದಗಿಸಿತು. ಹೊಸ ಮೋಟಾರು ಬಂತು. ಹಳೆಯದರ ಅಚ್ಚು ಅಂಗುಲದ ಎಂಟರಲ್ಲಿ ಐದು ಪಾಲು, ಹೊಸದರದು 19 ಮಿಲಿಮೀಟರು. ಹಳೆಯ ರಾಟೆಯ ರಂಧ್ರವನ್ನು ಮೂರು ಮಿಲಿಮೀಟರಿಗೆ ಮೇಲ್ಪಟ್ಟು ಹಿರಿದು ಮಾಡಬೇಕು. ರಂಧ್ರವನ್ನು ಹಿರಿದು ಮಾಡುವುದು ಲೇತಿನ ಕೆಲಸ, ಲೇತಿಗೆ ಮೋಟಾರಿಲ್ಲ, ಮೋಟಾರನ್ನು ಕೂಡಿಸಲು ರಾಟೆ ಬೇಕು. ಅನ್ಯೋನ್ಯಾಶ್ರಯ ದೋಷವನ್ನು ಪುಸ್ತಕದಲ್ಲಿ ಮಾತ್ರ ಓದಿದವರು ಇಂತಹ ಸಂದರ್ಭವನ್ನು ಒಮ್ಮೆ ಅನುಭವಿಸಬೇಕು. ಕಡೆಗೆ ಕದಿರಿನ ಹಿಂಬದಿಗೆ ಒಂದು ಕೈಹಿಡಿಯನ್ನು ಕಟ್ಟಿ, ನೆರೆಮನೆಯ ಹುಡುಗನನ್ನು ತಿರುಗಿಸೆಂದು ಹೇಳಿದೆನು. ಅವನು ದಣಿದಾಗ ಅವನ ತಂಗಿ ತಿರುಗಿಸಿದಳು. ಕೂದಲೆಳೆಯಷ್ಟು ತೆಳುವಾಗಿ ಕೊರೆಯುತ್ತ ಕೊರೆಯುತ್ತ ಒಂದು ಮಧ್ಯಾಹ್ನವೆಲ್ಲ ಹಿಡಿಯಿತು, ರಂಧ್ರ ಆಯಿತು. ಆ ಮಧ್ಯಾಹ್ನ ನನ್ನ ಲೇತಿಗೆ ಮೋಟಾರೇ ಇರಲಿಲ್ಲ, ಇಬ್ಬರು ಮಕ್ಕಳಿದ್ದರು. ಆದರೂ ಅದು ನನ್ನ ಲೇತೇ ಆಗಿತ್ತು.

ಹೇಗೆ ತಿಳಿಯಿತು? ಅದರ ಓರೆಯಿಂದ ತಿಳಿಯಿತು. ಈ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ಲೇತಿನಲ್ಲಿ ಉಳಿಯನ್ನು ಹೊತ್ತ ಬಂಡಿಯು ಒಂದು ಎರಕದ ಕಬ್ಬಿಣದ ಹಾಸಿನ ಮೇಲೆ ಅತ್ತಿತ್ತ ಸಂಚರಿಸುತ್ತದೆ. ಬಹುಪಾಲು ಕೆಲಸವು ಕದಿರಿನ ಬಳಿಯಲ್ಲಿಯೇ ನಡೆಯುವುದರಿಂದ ಹಾಸು ಅಲ್ಲಿಯೇ ಹೆಚ್ಚು ಸವೆಯುತ್ತದೆ, ದೂರದ ತುದಿಯಲ್ಲಿ ಹೊಸದರಂತೆಯೇ ಇರುತ್ತದೆ. ಸವೆದ ಕಡೆ ಉಳಿಯು ಕೂದಲಷ್ಟು ಸರಿಯುತ್ತದೆ. ಅಡ್ಡಕ್ಕೆ ಸರಿದದ್ದು ವ್ಯಾಸದಲ್ಲಿ ಎರಡರಷ್ಟಾಗಿ ಕಾಣುತ್ತದೆ. ಆದುದರಿಂದ ಹಳೆಯ ಲೇತು ನೆಟ್ಟನೆಯ ಕಂಬಿಯನ್ನು ಕಡೆದರೆ ಅದು ಒಂದು ಕಡೆ ತುಸು ದಪ್ಪವಾಗಿ ಬರುತ್ತದೆ. ಎಷ್ಟು ದಪ್ಪ, ಎಲ್ಲಿಂದ ಎಲ್ಲಿಗೆ, ಎಂಬುದು ಪ್ರತಿಯೊಂದು ಲೇತಿಗೂ ಬೇರೆ. ಅದರ ಒಡೆಯನ ಕೈಗೆ ಅದು ಗೊತ್ತು. ಎಲ್ಲಿ ಉಳಿಯನ್ನು ತುಸು ಒತ್ತಬೇಕು, ಎಲ್ಲಿ ಬಿಡಬೇಕು, ಎಲ್ಲಿ ಅರವನ್ನು ಹಿಡಿಯಬೇಕು ಎಂಬುದನ್ನು ಕೈ ತಾನೇ ನೋಡಿಕೊಳ್ಳುತ್ತದೆ. ನನಗಿಂತ ಮೊದಲು ಅದನ್ನು ಬಳಸಿದ ಇಬ್ಬರ ದುಡಿಮೆಯೂ ಆ ಹಾಸಿನ ಸವೆತದಲ್ಲಿದೆ. ಅವರನ್ನು ನಾನು ಕಂಡಿಲ್ಲ. ಅವರು ಹೆಚ್ಚಾಗಿ ಗಿಡ್ಡ ಕೆಲಸಗಳನ್ನೇ ಮಾಡುತ್ತಿದ್ದರೆಂದು ಬಲ್ಲೆ.

ಹಾಗಾದರೆ ಮೋಟಾರಿಗೂ ಹಳಮೆ ಇಲ್ಲವೇ, ಅದೂ ಸವೆದಿಲ್ಲವೇ ಎಂಬ ಆಕ್ಷೇಪ ಬರಬಹುದು. ಸವೆದಿದೆ. ಅದರ ಬೇರಿಂಗು ಸವೆದಿತ್ತು, ಲೇಪ ಸುಟ್ಟಿತ್ತು. ಆದರೆ ಮೋಟಾರಿನ ಭೂತಕಾಲವು ಕೆಲಸದೊಳಕ್ಕೆ ಬರುವುದಿಲ್ಲ. ಅದು ಹತ್ತು ವರ್ಷ ದುಡಿದಿರಲಿ, ನಿನ್ನೆ ಬಂದಿರಲಿ, ಕಡೆದ ಕಂಬಿಗೆ ಗೊತ್ತಾಗುವುದಿಲ್ಲ. ಅದರ ಸವೆತವೆಲ್ಲ ಅದರ ಸಾವಿಗೆ ಮಾತ್ರ ಸಹಾಯ. ಹಾಸಿನ ಸವೆತವಾದರೋ ಪ್ರತಿಯೊಂದು ಕೆಲಸದಲ್ಲಿಯೂ ಅಚ್ಚೊತ್ತಿ ಬರುತ್ತದೆ. ಯಾವುದರ ಕಳೆದ ಕಾಲವು ಈಗಿನ ಕೆಲಸದಲ್ಲಿ ಪಾಲುಗೊಳ್ಳುವುದಿಲ್ಲವೋ ಅದನ್ನು ನಷ್ಟವಿಲ್ಲದೆ ಬದಲಾಯಿಸಬಹುದು; ಯಾವುದರದು ಪಾಲುಗೊಳ್ಳುತ್ತದೆಯೋ ಅದನ್ನು ಬದಲಾಯಿಸಿದರೆ, ಲಾಭವೇ ಆದರೂ ಆಗಬಹುದು, ಆದರೆ ಅದು ಬೇರೆಯ ಲೇತು. ಹೊಸ ಹಾಸನ್ನು ತಂದರೆ ಕಂಬಿ ನೆಟ್ಟಗೆ ಬರುವುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಬದಲಾವಣೆ ಆಗಲೇಬೇಕೆಂದ ಮೇಲೆ ಹೇಗೆ ಆಗಬೇಕು? ಇದನ್ನು ನಮ್ಮವರು ದೇವಾಲಯಗಳ ವಿಷಯದಲ್ಲಿ ಬಹಳ ಹಿಂದೆಯೇ ಯೋಚಿಸಿದ್ದಾರೆ. ಆಗಮಗಳಲ್ಲಿಯೂ ಶಿಲ್ಪಗ್ರಂಥಗಳಲ್ಲಿಯೂ ಜೀರ್ಣೋದ್ಧಾರವೆಂದು ಒಂದು ಪ್ರಕರಣವೇ ಉಂಟು. ಅಲ್ಲಿಯ ಮನೋಧರ್ಮದಲ್ಲಿ ಭಾವುಕತೆ ಕಡಮೆ. ಕೆಟ್ಟದ್ದನ್ನು ಕೆಟ್ಟಂತೆಯೇ ಇಟ್ಟುಕೊಂಡು ಪೂಜಿಸುವುದು ಭಕ್ತಿಯಲ್ಲ. ಹಳೆಯದರ ಸ್ಥಾನದಲ್ಲಿ ಇಡುವ ದ್ರವ್ಯವು ಸಮಾನವಾಗಿರಬೇಕು ಅಥವಾ ಉತ್ತಮವಾಗಿರಬೇಕು, ಹೀನವಾಗಿರಕೂಡದು. ಕೆಲಸ ನಡೆಯುವಷ್ಟು ಕಾಲ ದೇವರ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸಿ ಬಾಲಾಲಯದಲ್ಲಿ ಇಟ್ಟು ಪೂಜೆ ನಿಲ್ಲದಂತೆ ನೋಡಿಕೊಳ್ಳುತ್ತಾರೆ. (ನನ್ನ ಯಂತ್ರಕ್ಕೆ ಆ ಮಧ್ಯಾಹ್ನ ಬಾಲಾಲಯವಾದವರು ನಿಜವಾಗಿಯೂ ಬಾಲರೇ.)

ಹೀನದ್ರವ್ಯದ ಮಾತು ಮೋಟಾರಿಗೂ ಅಕ್ಷರಶಃ ಹೊಂದುತ್ತದೆ. ಸುಟ್ಟ ಮೋಟಾರಿಗೆ ಮರುಸುತ್ತು ಹಾಕಿಸುವುದುಂಟು. ಒಳ್ಳೆಯ ಕೆಲಸಗಾರನು ಹಳೆಯ ತಂತಿಯನ್ನು ಬಿಚ್ಚುವಾಗ ಸುತ್ತುಗಳನ್ನು ಎಣಿಸಿ, ದಪ್ಪವನ್ನು ಅಳೆದು, ಬರೆದಿಟ್ಟುಕೊಂಡು, ಹಾಗೆಯೇ ಸುತ್ತುತ್ತಾನೆ. ಇನ್ನೊಬ್ಬನು ತಾಮ್ರವಿದ್ದ ಕಡೆ ಅದೇ ದಪ್ಪದ ಅಲ್ಯೂಮಿನಿಯಮ್ಮನ್ನು ಸುತ್ತಿ ಮುಚ್ಚಳ ಹಾಕಿ ಬಣ್ಣ ಬಳಿಯುತ್ತಾನೆ. ಅಲ್ಯೂಮಿನಿಯಮ್ಮಿನ ವಾಹಕತೆ ತಾಮ್ರದ ನೂರಕ್ಕೆ ಅರುವತ್ತೊಂದರಷ್ಟು. ಹೊರಗಿನಿಂದ ನೋಡಿದವನಿಗೆ ಭೇದವಿಲ್ಲ. ಭೇದವು ಕಾವಿನಲ್ಲಿ ಕಾಣುತ್ತದೆ, ಆರು ತಿಂಗಳ ಮೇಲೆ. ಕಣ್ಣಿಗೆ ಕಾಣದ ಸ್ಥಳದಲ್ಲಿ ಮಾಡಿದ ಕೆಲಸವೇ ಕೆಲಸಗಾರನ ಧರ್ಮವನ್ನು ತೂಗುವ ತಕ್ಕಡಿ.

ಇನ್ನೊಂದು ಪ್ರಲೋಭನೆಯು ಇದಕ್ಕೆ ವಿರುದ್ಧವಾದದ್ದು. ಅಂಗಡಿಯಾತನು ಅರ್ಧ ಕುದುರೆಬಲಕ್ಕೆ, ಎಂದರೆ 373 ವಾಟಿಗೆ, ಬದಲಾಗಿ ಒಂದು ಕುದುರೆಬಲದ ಮೋಟಾರನ್ನು ಕೊಡುವೆನೆಂದನು. ಅಲ್ಲದೆ ನಿಮಿಷಕ್ಕೆ 1440 ಸುತ್ತಿನದಕ್ಕಿಂತ 2880 ಸುತ್ತಿನದು ಅಗ್ಗವೆಂದನು. "ಉತ್ತಮ ದ್ರವ್ಯ" ಎಂದು ಶಾಸ್ತ್ರವು ಹೇಳಿದೆಯಲ್ಲ, ತೆಗೆದುಕೊಳ್ಳಬಾರದೇ? ಬಾರದು. ದ್ರವ್ಯದ ಉತ್ತಮತೆ ಬೇರೆ, ಬಲದ ಆಧಿಕ್ಯ ಬೇರೆ. ಈ ಹಾಸೂ ಈ ಕದಿರೂ ಅರ್ಧ ಬಲಕ್ಕಾಗಿ ಎರಕಗೊಂಡವು. ಉಳಿ ಎಲ್ಲಿಯಾದರೂ ಸಿಕ್ಕಿಕೊಂಡಾಗ ಅರ್ಧ ಬಲದ ಮೋಟಾರು ಸೋತು ನಿಲ್ಲುತ್ತದೆ. ಒಂದು ಬಲದ್ದು ಸೋಲದೆ ಹಲ್ಲುಚಕ್ರವನ್ನು ಮುರಿಯುತ್ತದೆ. ಸೋಲುವುದು ಕೂಡ ಅದರ ಕರ್ತವ್ಯಗಳಲ್ಲಿ ಒಂದು. ವೇಗದ ಸಂಗತಿಯೂ ಹಾಗೆಯೇ. 50 ಮಿಲಿಮೀಟರು ವ್ಯಾಸದ ಮೆತು ಉಕ್ಕನ್ನು ಸಾಮಾನ್ಯ ಉಳಿಯಿಂದ ಕಡೆಯಲು ನಿಮಿಷಕ್ಕೆ ಮೂವತ್ತು ಮೀಟರಿನ ವೇಗ ಸಾಕು. ಲೆಕ್ಕಹಾಕಿದರೆ ನಿಮಿಷಕ್ಕೆ ಸುಮಾರು 190 ಸುತ್ತು. ಅದೇ ರಾಟೆಗಳ ಮೇಲೆ ಇಮ್ಮಡಿ ವೇಗದ ಮೋಟಾರನ್ನು ಕೂಡಿಸಿದರೆ 380 ಆಗುತ್ತದೆ. ಉಳಿಯ ಮೊನೆ ನೀಲಿಯಾಗಿ ಸುಡುತ್ತದೆ. ನಾನು 1440ರ ಅರ್ಧ ಬಲದ್ದನ್ನೇ, ತಾಮ್ರದ ಸುತ್ತಿನದನ್ನು, ಹೆಚ್ಚು ಬೆಲೆ ಕೊಟ್ಟು ತಂದೆನು.

ಇನ್ನು ಮನುಷ್ಯರ ವಿಷಯ.

ಬೆಟ್ಟದಲ್ಲಿ ದೀಪಾವಳಿಯ ಕಾಲಕ್ಕೆ ಹಾಲರವೆಯ ಸೇವೆ ನಡೆಯುತ್ತದೆ. ಬೇಡಗಂಪಣ ಕುಲದ 101 ಮಂದಿ ಕಿರಿಯ ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ಕಲಶಗಳಲ್ಲಿ ನೀರನ್ನು ಹೊತ್ತು ಮಾದೇಶ್ವರನ ಸನ್ನಿಧಿಗೆ ಸಾಲಾಗಿ ಬರುತ್ತಾರೆ. ಕೆಲವು ವರ್ಷಗಳ ಹಿಂದೆ ಹೊತ್ತವರು ಈಗ ತಾಯಂದಿರು. ಈಗ ಹೊರುವವರು ಅವರ ಮಕ್ಕಳು. ಮಕ್ಕಳೆಲ್ಲ ಬೇರೆಯಾದರೂ ಸೇವೆ ಅದೇ ಸೇವೆ. ಇಲ್ಲಿ ಯಾರೂ ತನ್ನ ಸ್ಥಾನವನ್ನು ಇನ್ನೊಬ್ಬಳು ಪಡೆದಳೆಂದು ಅಳುವುದಿಲ್ಲ. ಜಾತ್ರೆಗೆ ಬರುವ ಕಂಸಾಳೆಯವರನ್ನು ನೋಡಿ. ಕಂಚಿನ ತಾಳಕ್ಕೆ ಕಟ್ಟಿದ ದಾರವು ಹರಿದರೆ ಹೊಸ ದಾರ ಕಟ್ಟುತ್ತಾರೆ. ಆದರೆ ಎಪ್ಪತ್ತೇಳು ಮಲೆಯ ಕಥೆಯನ್ನು ಹಾಡುವ ಮುದುಕನೊಬ್ಬನು ಹೋದರೆ? ಅವನ ಶಿಷ್ಯನು ಹಾಡುತ್ತಾನೆ, ದೀಕ್ಷೆ ಪಡೆದವನೇ ಹಾಡುತ್ತಾನೆ. ಮಾದೇಶ್ವರನ ಕಥೆ ನಿಲ್ಲುವುದಿಲ್ಲ. ಆದರೂ ಆ ಮುದುಕನು ಎಲ್ಲಿ ಉಸಿರು ನಿಲ್ಲಿಸುತ್ತಿದ್ದನು, ಯಾವ ಕಡೆ ಕೇಳುವವರ ಮುಖ ನೋಡಿ ಕಥೆಯನ್ನು ಬೆಳೆಸುತ್ತಿದ್ದನು ಎಂಬುದು ಹಾಸಿನ ಸವೆತಕ್ಕೆ ಸೇರಿದ್ದು.

ಕೊಳ್ಳೇಗಾಲದ ರೇಷ್ಮೆಯ ಮಗ್ಗಗಳ ಸಂಗತಿಯೂ ಇದೇ. ಮಗ್ಗಕ್ಕೆ ಮೋಟಾರು ಬಂದಾಗ ನೇಕಾರನ ತೋಳೂ ಕಾಲೂ ಮಾಡುತ್ತಿದ್ದ ಕೆಲಸ ಅದಕ್ಕೆ ಹೋಯಿತು. ಆ ಭಾಗವು ಎತ್ತಿನದು. ಅದು ಹೋದದ್ದಕ್ಕೆ ನಾನು ಶೋಕಿಸಲಾರೆ, ನೇಕಾರನ ಬೆನ್ನೂ ಶೋಕಿಸಿರಲಾರದು. ಆದರೆ ಲೆಕ್ಕ ಬರೆಯುವವರು ಅಷ್ಟಕ್ಕೆ ನಿಲ್ಲುವುದಿಲ್ಲ. ತೋಳನ್ನು ಬದಲಾಯಿಸಿದ ಮೇಲೆ, ಎಳೆ ಹರಿಯುವ ಮೊದಲೇ ಅದರ ಸದ್ದನ್ನು ಬಲ್ಲ ಕಿವಿಯನ್ನೂ, ಬಣ್ಣದ ಎಳೆಯಷ್ಟು ಭೇದವನ್ನು ಕಾಣುವ ಕಣ್ಣನ್ನೂ ತೋಳಿನ ಬೆಲೆಗೇ ಲೆಕ್ಕ ಬರೆಯುತ್ತಾರೆ. ಮನುಷ್ಯನಲ್ಲಿ ಮೋಟಾರೂ ಇದೆ, ಹಾಸೂ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವನು ಕುಂಬಾರನನ್ನೂ ಕತ್ತೆಯ ಪಟ್ಟಿಯಲ್ಲಿಯೇ ಬರೆದಂತೆ.

ನನ್ನ ಸಂಗತಿಯನ್ನೂ ಹೇಳಬೇಕಷ್ಟೆ. ನಾನು ನಿವೃತ್ತನಾದ ಮರುದಿನ ಬೆಳಗ್ಗೆ ಗಂಟೆ ಹೊಡೆಯಿತು, ನನ್ನ ತರಗತಿಗೆ ಬೇರೊಬ್ಬರು ಹೋದರು, ಶಬ್ದರೂಪಗಳು ಅದೇ ಕ್ರಮದಲ್ಲಿ ಮುಂದುವರಿದುವು. ಹಾಗೆಯೇ ಆಗಬೇಕು. ಒಬ್ಬ ಮೇಷ್ಟರು ಹೋದನೆಂದು ವಿಭಕ್ತಿಗಳು ನಿಲ್ಲುವ ಶಾಲೆಯು ಶಾಲೆಯಲ್ಲ. ವಿಭಕ್ತಿಯನ್ನು ಹೇಳಿಕೊಡುವ ಮಟ್ಟಿಗೆ ನಾನು ಚಾಲಕ, 1440 ಸುತ್ತಿನವನು. ಆದರೆ ಮೂವತ್ತು ವರ್ಷ ಒಂದೇ ಸೀಮೆಯ ಮಕ್ಕಳೊಡನೆ ಕೂತವನಿಗೆ ಬೇರೊಂದು ಅರಿವು ಬಂದಿರುತ್ತದೆ. ಕಾಡಂಚಿನ ಹಳ್ಳಿಯಿಂದ ಬರುವ ಸೋಲಿಗರ ಹುಡುಗನು ಸುಮ್ಮನಿದ್ದರೆ ಅದು ಅರ್ಥವಾಗದ ಮೌನವಲ್ಲ, ಪರೀಕ್ಷಿಸುವ ಮೌನ. ತಮಿಳು ಮನೆಮಾತಿನ ಮಗುವಿಗೆ ಮಹಾಪ್ರಾಣಗಳು ಮೊದಲ ವರ್ಷ ಬಾಯಿಗೆ ಬಾರವು, ಎರಡನೆಯ ವರ್ಷ ತಾವಾಗಿಯೇ ಬರುತ್ತವೆ. ನಡುವೆ ಬೈದರೆ ಎಂದಿಗೂ ಬಾರವು. ಜಾತ್ರೆಯ ವಾರ ಹಾಜರಿಯನ್ನು ಕೇಳಬಾರದು. ಇದನ್ನು ಯಾವ ಪಠ್ಯಕ್ರಮದಲ್ಲಿಯೂ ಬರೆದಿಲ್ಲ, ಬರೆದರೆ ನಗೆಗೀಡಾಗುತ್ತದೆ. ಇದು ಸವೆತ. ನಿವೃತ್ತಿಯ ನಿಯಮವು ಮೋಟಾರನ್ನು ಬದಲಾಯಿಸುವಾಗ ಹಾಸನ್ನೂ ಬಿಚ್ಚಿ ಮನೆಗೆ ಕಳುಹಿಸುತ್ತದೆ, ಏಕೆಂದರೆ ನಿಯಮಕ್ಕೆ ಎರಡೂ ಒಂದೇ ಬೋಲ್ಟಿನಲ್ಲಿ ಬಿಗಿದಂತೆ ಕಾಣುತ್ತವೆ.

ಇದಕ್ಕೆ ಉಪಾಯವೇನೆಂದು ಕೇಳಿದರೆ, ನಿಯಮಕ್ಕೆ ಉಪಾಯವಿಲ್ಲ, ಮನುಷ್ಯರಿಗೆ ಸ್ವಲ್ಪ ಇದೆ. ಹೊಸಬರು ಬಂದಾಗ ಹಳಬನು ಬೀಗದ ಕೈಯನ್ನೂ ಹಾಜರಿ ಪುಸ್ತಕವನ್ನೂ ಕೊಟ್ಟು ಕೈತೊಳೆದುಕೊಳ್ಳುವುದಕ್ಕೆ ಬದಲು ಎರಡು ಸಂಜೆ ಕುಳಿತು ಓರೆಗಳನ್ನು ಹೇಳಬಹುದು, ಹೊಸಬರು ಕೇಳಬಹುದು. ನನ್ನ ಸ್ಥಾನಕ್ಕೆ ಬಂದ ತರುಣಿ ಕೇಳಿದಳು. ಈಗಲೂ ಆಗಾಗ ಬಂದು ಕೇಳುತ್ತಾಳೆ, ಕೆಲವು ಮಾತುಗಳನ್ನು ಒಪ್ಪುತ್ತಾಳೆ, ಕೆಲವನ್ನು ಒಪ್ಪುವುದಿಲ್ಲ. ಅವಳದೇ ಓರೆಯೊಂದು ಬೀಳುವ ವರೆಗೆ ಒಪ್ಪದಿರುವುದು ನ್ಯಾಯವೇ.

ಹಳೆಯ ಮೋಟಾರಿನ ಮಾತು ಉಳಿಯಿತು. ಪ್ರತಿವರ್ಷ ಆಯುಧಪೂಜೆಯ ದಿವಸ ಅದಕ್ಕೂ ಕುಂಕುಮವಿಟ್ಟು ನಿಂಬೆಹಣ್ಣು ಕಟ್ಟಿದ್ದೆವು. ಪೂಜಿಸಿದ್ದನ್ನು ಗುಜರಿಗೆ ಹಾಕುವುದೇ ಎಂದು ಮನೆಯಲ್ಲಿ ಕೇಳಿದರು. ಗಣಪತಿಯನ್ನು ಪೂಜಿಸಿದವರೇ ಕೆರೆಗೆ ಬಿಡುತ್ತೇವೆ; ಆವಾಹನೆಯನ್ನು ಬಲ್ಲವರು ವಿಸರ್ಜನೆಯನ್ನೂ ಬಲ್ಲರು ಎಂದೆನು. ಅವರಿಗೆ ಪೂರಾ ಸಮಾಧಾನವಾಗಲಿಲ್ಲ. ತೂಕಕ್ಕೆ ಕೊಡುವ ಮೊದಲು ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ಒಳಗಿನ ತಾಮ್ರವನ್ನು ಕೊಂಡವನು ಬಿಚ್ಚಿಕೊಂಡು ಹೋದನು. ಬುಡದ ನಾಲ್ಕು ಬೋಲ್ಟುಗಳು ಹೊಸದಕ್ಕೆ ಗಿಡ್ಡವಾದುವು. ಅವುಗಳಲ್ಲಿ ಎರಡನ್ನು ತುದಿ ಕಡೆದು, ಅಂದು ಯಂತ್ರವನ್ನು ತಿರುಗಿಸಿದ ಹುಡುಗನ ಮನೆಯ ನೇಗಿಲಿಗೆ ಹಾಕಿಕೊಟ್ಟೆನು, ಇನ್ನೆರಡು ಡಬ್ಬಿಯಲ್ಲಿವೆ.